ಪಾಲಕಕ್ಕೆ ಹಚ್ಚಿದ ವಿಭೂತಿ

ಹೆಂಡತಿಯ ಮೊಣಕಾಲಿನ ಆಪರೇಷನ್‌ಗೆ ಬಾಗಲಕೋಟೆಯ ಡಾಕ್ಟರು ದಿನ ಕೊಡಲಿಲ್ಲ. ರಕ್ತ ಕಡಿಮೆ ಇದೆ, ಮೊದಲು ಅದು ಏರಲಿ ಎಂದರು. ಕಬ್ಬಿಣದ ಗುಳಿಗೆ ನುಂಗಿದರೆ ಅವಳಿಗೆ ವಾಂತಿ. ಸಿರಪ್ ಬರೆದುಕೊಟ್ಟು, ಸೊಪ್ಪು ಚೆನ್ನಾಗಿ ತಿನ್ನಿಸಿ ಎಂದು ನನಗೆ ಹೇಳಿದರು. ಶಾಲೆಯಲ್ಲಿ ಜೀವಮಾನವೆಲ್ಲ ಡ್ರಿಲ್ ಮಾಡಿಸಿದವನಿಗೆ ಇಂಥ ಮಾತು ಹೇಳಬಾರದು.

ಬಾದಾಮಿಯ ನಮ್ಮ ಹಿತ್ತಲಿನ ಎರೆಮಣ್ಣಿನಲ್ಲಿ ಮರುದಿನವೇ ಹಗ್ಗ ಹಿಡಿದು ಆರು ಮಡಿ ಮಾಡಿದೆ. ರಾಜಗಿರಿ, ಮೆಂತ್ಯ, ಪಾಲಕ ಸಾಲುಗಟ್ಟಿ ಎದ್ದವು. ಬರೀ ಸೊಪ್ಪು ಸಾಲದು, ಕಬ್ಬಿಣ ತುಂಬಿದ ಸೊಪ್ಪೇ ಬೇಕೆಂದು ಬುಡಕ್ಕೆ ಹಳೆಯ ಮೊಳೆ ಹೂಳಿದೆ. ಮೇಲೆ ಬೂದಿ. ಬೆಳಿಗ್ಗೆ ಆರಕ್ಕೆ ಲಿಂಗಪೂಜೆ, ಹಣೆಗೆ ಮೂರು ಬೆರಳು ವಿಭೂತಿ. ಅಲ್ಲಿಂದ ನೇರ ಹಿತ್ತಲಿಗೆ ಹೋಗಿ ಮಡಿಗೆ ಮೂರು ಹಿಡಿಯಂತೆ ನೀರೊಲೆಯ ಬೂದಿ. ನನ್ನ ಹಣೆಗೆ ಒಳ್ಳೆಯದಾದದ್ದು ಪಾಲಕಕ್ಕೆ ಕೆಟ್ಟದ್ದು ಹೇಗಾದೀತು?

ಎಳೆಯ ಎಲೆಗಳು ಹಳದಿಗೆ ತಿರುಗಿದವು. ನಾನು ಸಂಜೆಗೂ ಮೂರು ಹಿಡಿ ಸೇರಿಸಿದೆ.

ಚೊಳಚಗುಡ್ಡದಿಂದ ಸೊಪ್ಪು ಮಾರಲು ಬರುವ ಹೆಂಗಸನ್ನು ಹೆಂಡತಿ ಒಂದು ದಿನ ಹಿತ್ತಲಿಗೆ ಕರೆತಂದಳು. ಆಕೆ ಬುಟ್ಟಿ ಇಳಿಸಿ ನೋಡಿದಳು.

“ಅಕ್ಕಾರ, ಇಷ್ಟು ವಿಭೂತಿ ಹಚ್ಚಿದವ್ರು ಯಾರ್ರಿ?”

“ಇನ್ಯಾರ, ನಮ್ಮ ಮಾಸ್ತರು. ಪಾಲಕಕ್ಕೂ ದೀಕ್ಷಾ ಕೊಟ್ಟಾರ.”

“ಮಾಸ್ತರ, ಎರಿ ಮಣ್ಣಾಗ ಮೊದಲ ಸುಣ್ಣ ಭಾಳ. ಬೂದಿನೂ ಅದೇ ಗುಣದ್ದು. ಮಣ್ಣಾಗ ಕಬ್ಬಿಣ ಐತಿ, ಬೇರಿಗೆ ಸಿಗವಲ್ದು.”

“ಮೊಳಿ ಹಾಕೇನಲ್ಲ,” ಎಂದೆ.

“ಕಡೀಲಿಕ್ಕೆ ಗಿಡಕ್ಕ ಹಲ್ಲ ಅದಾವೇನ್ರಿ? ಹಳೇ ತಿಪ್ಪಿಗೊಬ್ಬರ ಹಾಕ್ರಿ. ಹುಳಿ ಮಜ್ಜಿಗ್ಯಾಗ ಕಬ್ಬಿಣದ ತುಂಡು ಎಂಟು ದಿನ ಇಟ್ಟು, ನೀರು ಬೆರಸಿ ಎಲಿ ಮ್ಯಾಲೆ ಹೊಡೀರಿ. ಬೂದಿ ಹಣಿಗೆ ಸಾಕು.”

“ಎಷ್ಟು ಗಂಟೆಕ್ಕ ಹೊಡೀಬೇಕು?”

“ಬಿಸಲು ಇಳದ ಮ್ಯಾಲೆ. ಗಡಿಯಾರ ನೋಡಬ್ಯಾಡ್ರಿ, ಬಿಸಲ ನೋಡ್ರಿ.”

ಹೆಂಡತಿ ಮೊಣಕಾಲು ಹಿಡಿದುಕೊಂಡು ನಕ್ಕಳು. ನಾನು ಮೇಲಿನ ಮಣ್ಣು ಕೆರೆದು ತೆಗೆದೆ, ಗೊಬ್ಬರ ತಂದೆ. ಮಜ್ಜಿಗೆಯ ನಾತಕ್ಕೆ ದೇವರ ಕೋಣೆಯ ಬಾಗಿಲು ಮುಚ್ಚಿಕೊಂಡೇ ಪೂಜೆ ನಡೆಯಿತು. ಹೊಸ ಎಲೆಗಳು ಹಸಿರಾಗಿ ಬಂದವು. ಜೋಳದ ರೊಟ್ಟಿಯ ಜೊತೆ, ನಿಂಬೆ ಹಿಂಡಿ, ಎರಡೂ ಹೊತ್ತು ಅವಳಿಗೆ ಅದೇ. “ನನಗೇನು ಕೊಂಬು ಮೂಡ್ಯಾವೇನ್ರಿ, ಬರೇ ಸೊಪ್ಪು ಹಾಕ್ತೀರಿ?” ಎಂದು ಕೇಳುತ್ತಲೇ ತಿಂದಳು.

ಮುಂದಿನ ತಪಾಸಣೆಯಲ್ಲಿ ರಕ್ತ ಏರಿತ್ತು. ಡಾಕ್ಟರು ಆಪರೇಷನ್ ದಿನವನ್ನು ಚೀಟಿಯಲ್ಲಿ ಬರೆದುಕೊಟ್ಟು, ಸಿರಪ್ ಕೆಲಸ ಮಾಡಿದೆ ಎಂದರು. ಹೆಂಡತಿ ಒಪ್ಪಲಿಲ್ಲ, ಸೊಪ್ಪಿನವಳ ಹೆಸರು ಹೇಳಿದಳು. ಯಾರದ್ದು ಎಷ್ಟು ಪಾಲೋ ನನಗೆ ತಿಳಿಯದು. ನನ್ನದು ಇಲ್ಲವೆಂದು ಮಾತ್ರ ಇಬ್ಬರೂ ಒಪ್ಪಿಕೊಂಡ ಹಾಗಿತ್ತು.

ಬಸ್ಸಿನಲ್ಲಿ ಆ ಚೀಟಿಯನ್ನು ಅವಳು ನನ್ನ ಕೈಗೆ ಕೊಡಲೇ ಇಲ್ಲ.

“ಕಾಲು ನೆಟ್ಟಗಾದ ಮ್ಯಾಲೆ ಹಿತ್ತಲಕ್ಕ ನಾನ ನಡದು ಹೋಗ್ತೇನಿ,” ಎಂದಳು. “ನೀವು ಹಿಂದಿಂದ ಲೆಫ್ಟ್ ರೈಟ್ ಅನಬ್ಯಾಡ್ರಿ.”