ಮೂಗಕ್ಕನ ನಲವತ್ತು ಹಲಗೆ

ಮರದ ಗೋದಾಮಿನಲ್ಲಿ ಅವಳನ್ನು ಎಲ್ಲರೂ ಮೂಗಕ್ಕ ಎಂದೇ ಕರೆಯುತ್ತಿದ್ದರು. ಯಾವುದೋ ದೇಶದಲ್ಲಿ ಕಡಿದ ಮರ ಇಲ್ಲಿ ಹಲಗೆಯಾಗಿ, ಇನ್ಯಾವುದೋ ದೇಶದಲ್ಲಿ ಊಟದ ಮೇಜಾಗಲು ಹೊರಡುತ್ತಿತ್ತು. ನಡುವೆ ಮೂಗಕ್ಕ. ಹಲಗೆಯ ತುದಿಯನ್ನು ಉಳಿಯಿಂದ ಕೆರೆದು, ಎಂಜಲು ಹಚ್ಚಿ ಮೂಸುವಳು. ನೆಟ್ಟು ಬೆಳೆಸಿದ ಮರವಾದರೆ ಹಸಿರು ಮುದ್ರೆ, ಕಾಡಿನದಾದರೆ "ವಾಪಸ್!" ಆ ಮುದ್ರೆಯಿಲ್ಲದೆ ಹೊರದೇಶದವರು ಹಲಗೆ ಮುಟ್ಟುತ್ತಿರಲಿಲ್ಲ. "ಮೂಗು ತೂರಿಸೋದಕ್ಕೆ ಸಂಬಳ ತಗೊಳ್ಳೋಳು ನಾನೊಬ್ಬಳೇ ಕಣ್ರೋ" ಎಂದು ಹಮಾಲರೆದುರು ಜಂಭ ಕೊಚ್ಚುವಳು. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲವೆಂಬ ಹೆಸರು. ಆ ಹೆಸರೇ ಅವಳ ಆಸ್ತಿ.

ಅಂಥವಳಿಗೆ ಸೋಮವಾರ ಶೀತ ಹಿಡಿಯಿತು. ಮೂಗು ಕಟ್ಟಿದೆ ಎನ್ನಲು ಮಹಾರಾಣಿಗೆ ನಾಚಿಕೆ! ಸುಮ್ಮನೆ ಮೂಸಿದಂತೆ ಮಾಡಿ ನಲವತ್ತು ಹಲಗೆಗೆ ಟಪಟಪನೆ ಮುದ್ರೆ ಒತ್ತಿಬಿಟ್ಟಳು.

ಮುಂದಿನೆರಡು ದಿನ ಹೊಸ ಹಲಗೆ ಬರಲಿಲ್ಲ; ಗುರುವಾರ ಬೆಳಿಗ್ಗೆ ಮೂಗು ಬಿಟ್ಟಿತು. ಗೂಟದಲ್ಲಿದ್ದ ಏಪ್ರನ್ ತೆಗೆದು ಕಟ್ಟಿಕೊಳ್ಳುವಾಗ ಘಮ್ಮೆಂದಿತು. ಅದರ ಮಡಿಕೆಯಲ್ಲಿ ಉಳಿದಿದ್ದ ಸೋಮವಾರದ ಮರದ ಹೊಟ್ಟು ಅಪ್ಪಟ ಕಾಡಿನದು! ಅಂಗಳದಲ್ಲಿ ಆ ಹಲಗೆಗಳನ್ನೇ ಹೇರಿಕೊಂಡ ಲಾರಿ ಬಂದರಿಗೆ ಹೊರಟು ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಉಳಿಯುತ್ತಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿತು ಕೂಡ, ಸುಳ್ಳೇಕೆ?

ಕಾಲು ಮಾತ್ರ ಕೇಳಲಿಲ್ಲ. ಓಡಿ ಹೋಗಿ ಲಾರಿಗೆ ಅಡ್ಡ ನಿಂತಳು.

"ಯಜಮಾನ್ರೇ, ನಲವತ್ತು ಹಲಗೆ ಇಳಿಸಿ. ಕಾಡಿನ ಮರ. ನಂಗೆ ಶೀತ ಆಗಿತ್ತು, ಹೇಳ್ಲಿಲ್ಲ. ತಪ್ಪು ನಂದೇ."

ಹಮಾಲರು ಬಾಯಿ ಬಿಟ್ಟುಕೊಂಡು ನೋಡಿದರು. ಲಾರಿಯ ಪಕ್ಕದಲ್ಲಿದ್ದ ಗೋದಾಮಿನ ಯಜಮಾನರು ಹಣೆ ಚಚ್ಚಿಕೊಂಡರು. "ಅಯ್ಯೋ ತಾಯಿ, ಕಡಿದಾಯ್ತಲ್ಲ! ಇಳಿಸಿದ್ರೆ ಮತ್ತೆ ಚಿಗುರುತ್ತಾ?"

"ಇದು ಚಿಗುರಲ್ಲ. ಆದ್ರೆ ಇದು ಖರ್ಚಾಯ್ತು ಅಂತ ಗೊತ್ತಾದ್ರೆ ಪಕ್ಕದ ಮರಕ್ಕೂ ಕೊಡಲಿ ಬೀಳುತ್ತೆ. ಅಲ್ಲಿರೋ ಹಕ್ಕಿ, ಹುಳ-ಹುಪ್ಪಟೆ ಎಲ್ಲಾ ಎಲ್ಲಿಗೆ ಹೋಗ್ಬೇಕು, ನಿಮ್ಮನೆಗಾ?"

ಅವರಿಗೆ ನಗು ತಡೆಯಲಾಗಲಿಲ್ಲ. "ಬೇಡಮ್ಮ, ಈಗಿರೋರೇ ಸಾಕು. ಇಳಿಸ್ರೋ, ಕಳಿಸಿದವನಿಗೇ ವಾಪಸ್ ಹಾಕಿ. ಮುದ್ರೆ ಮಾತ್ರ ಇವಳೇ ಕೆರೀಬೇಕು, ಎಲ್ಲರೆದುರಿಗೇ!"

ಮೂಗಕ್ಕ ಅಂಗಳದಲ್ಲೇ ಕುಳಿತು ಕೆರೆದಳು. ಹಮಾಲರು ಛೇಡಿಸಿದರು, ಅವಳೂ ಬಿಡಲಿಲ್ಲ. ಒಂದು ಹಲಗೆಯಲ್ಲಿ ಕಿರುಬೆರಳು ತೂರುವಷ್ಟು ತೂತು, ಒಳಗೆ ಒಣಗಿದ ಪುಟ್ಟ ಗೂಡು. ಮೂಸಿದಳು. ಇಷ್ಟು ವರ್ಷದಲ್ಲಿ ಎಂದೂ ಕಾಣದ ವಾಸನೆ.

"ಯಾವ ಹುಳದ್ದಕ್ಕಾ ಅದು?" ಎಂದ ಒಬ್ಬ ಹಮಾಲ.

"ಗೊತ್ತಿಲ್ಲ ಕಣಪ್ಪ" ಎಂದಳು ಮೂಗಕ್ಕ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ಹಾಗೆನ್ನುವುದು ಇಷ್ಟು ಸುಲಭವೆಂದು ತಿಳಿದಿದ್ದರೆ ಸೋಮವಾರವೇ ಹೇಳಿಬಿಡುತ್ತಿದ್ದಳು.