ಅಮ್ಮ ಕರೆಯದ ಹೆಸರು

ನನಗಿಟ್ಟದ್ದು ಅಜ್ಜಿಯ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಅಷ್ಟು ವರ್ಷ ಪಟ್ಟ ಪಾಡು ನಿಮಗೂ ಸ್ವಲ್ಪ ತಿಳಿಯಲಿ. ಅಜ್ಜಿ ಎಂದರೆ ಅಪ್ಪನ ತಾಯಿ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದು ಎಂಬ ಪದ್ಧತಿ ನಮ್ಮ ನಿಟ್ಟೂರಿನ ಮನೆಯಲ್ಲಿ ಗಟ್ಟಿಯಾಗಿತ್ತು. ಹಾಗಿದ್ದೂ ಮೊದಲ ಮೊಮ್ಮಗಳಿಗೆ ಆ ಹೆಸರೇ ಆಗಬೇಕೆಂದು ಅಪ್ಪ ಹಟ ಹಿಡಿದರು. ಇಟ್ಟ ಸಂಭ್ರಮ ಅವರಿಗೆ, ಕರೆಯುವ ಕಷ್ಟ ಅಮ್ಮನಿಗೆ.

ಅಮ್ಮ ನನ್ನನ್ನು ಮಗ ಅಂದಳು, ಪುಟ್ಟಿ ಅಂದಳು, ಸಿಟ್ಟು ಬಂದಾಗ ಏನ್ಲೇ ಅಂದಳು. ಹೆಸರು ಹಿಡಿದು ಬೈಯುವುದಂತೂ ದೂರದ ಮಾತು, ಅತ್ತೆಯನ್ನೇ ಬೈದಂತಾಗುತ್ತದಲ್ಲ. ಶಾಲೆಗೆ ಸೇರಿಸುವ ದಿನ ಮಗಳ ಹೆಸರೇನಮ್ಮ ಎಂದು ಮೇಷ್ಟ್ರು ಕೇಳಿದಾಗ, ಬೆನ್ನಿಗೆ ಕೈಯಿಟ್ಟು ನನ್ನನ್ನೇ ಮುಂದೆ ತಳ್ಳಿದಳು. ಹೆತ್ತವಳಿಗೇ ಗೊತ್ತಿಲ್ಲವೇ ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಜೊತೆಯ ಹುಡುಗಿಯರನ್ನು ಅವರಮ್ಮಂದಿರು ಬೀದಿಗೆಲ್ಲ ಕೇಳುವಂತೆ ಹೆಸರು ಕೂಗಿ ಕರೆಯುತ್ತಿದ್ದರು. ನನ್ನಮ್ಮನೂ ಒಂದೇ ಒಂದು ಸಲ ಹಾಗೆ ಕೂಗಲಿ ಎಂದು ಆಸೆಪಟ್ಟೇ ಬೆಳೆದೆ.

ಆ ಹೆಸರೋ ಹೋದಲ್ಲೆಲ್ಲ ಎದುರಾಗುತ್ತಿತ್ತು. ಟಿವಿ ಧಾರಾವಾಹಿಯ ನಾಯಕಿಗೂ ಅದೇ. ಅಮ್ಮನ ಬಾಯಲ್ಲಿ ಅವಳು 'ಆ ಅಳೋ ಹುಡುಗಿ'. ಒಮ್ಮೆ ವಾರ್ತೆಯಲ್ಲಿ ಅದೇ ಹೆಸರಿನ ಹಡಗು ತೋರಿಸಿದರು. ಸಮುದ್ರವನ್ನೇ ಕಾಣದ ಅಜ್ಜಿ ಹಿಗ್ಗಿಹೋಗಿ, ಅದು ನಮ್ಮಿಬ್ಬರದೇ ಎಂದು ಅಕ್ಕಪಕ್ಕದ ಮನೆಗೆಲ್ಲ ಸಾರಿ ಬಂದಳು. ಅಮ್ಮ ಮಾತ್ರ 'ಆ ದೊಡ್ಡ ದೋಣಿ' ಅಂದು ಮುಗಿಸಿದಳು. ಕುಣಿಗಲ್‌ನಿಂದ ತುಮಕೂರಿಗೆ ಬರುವ ಒಂದು ಖಾಸಗಿ ಬಸ್ಸಿನ ಹಣೆಯ ಮೇಲೂ ಅದೇ ಹೆಸರು. ತವರಿನಿಂದ ವಾಪಸು ಹೊರಟ ಅಮ್ಮ ಹೆಬ್ಬೂರಿನ ಬೀಡಾ ಅಂಗಡಿಯವನನ್ನು ಕೇಳಿದಳು: "ಅಣ್ಣ, ನಮ್ಮತ್ತೆ ಬಸ್ಸು ಹೋಯ್ತಾ?" ಅಜ್ಜಿಗೆ ಸ್ವಂತ ಬಸ್ಸಿದೆ ಎಂದೇ ನಂಬಿದ ಆತ, ಅಂದಿನಿಂದ ನಮ್ಮನ್ನು ಕಂಡರೆ ಸ್ಟೂಲು ಒರೆಸಿ ಕೊಡುತ್ತಿದ್ದ.

ಒಂದು ದಿನ ತಡೆಯಲಾರದೆ ಅಜ್ಜಿಗೇ ದೂರು ಕೊಟ್ಟೆ. ಅಜ್ಜಿ ಅಮ್ಮನನ್ನು ಕರೆದು, ಮಗುವನ್ನು ಹೆಸರು ಹಿಡಿದೇ ಕರಿ, ನನಗೇನೂ ಬೇಜಾರಿಲ್ಲ ಅಂದಳು. ಅಮ್ಮ ಬಾಯಿ ತೆರೆದಳು, ಸೆರಗು ಅಡ್ಡ ಹಿಡಿದಳು, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಓಡಿದಳು. ಅಜ್ಜಿ ನನಗೆ ಜಡೆ ಹೆಣೆಯುತ್ತ ಕೂತಳು.

"ಮದ್ವೆಯಾಗಿ ಬಂದ್ಮೇಲೆ ನನ್ನೂ ಯಾರೂ ಹೆಸ್ರು ಹಿಡ್ದು ಕರೀಲಿಲ್ಲ ಕಣೇ. ನಿಮ್ ತಾತ ಏಯ್ ಅಂತಿದ್ರು. ಈಗ ನಿನ್ನ ಕರ್ದಾಗೆಲ್ಲ ನನ್ನೇ ಯಾರೋ ಕರ್ದಂಗಾಯ್ತದೆ."

ಆಮೇಲೆ ನಾನು ದೂರು ಹೇಳಲಿಲ್ಲ. ಆಸೆ ಮಾತ್ರ ಹೋಗಲಿಲ್ಲ.

ಈಗ ನಾನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸಂಸಾರ ಹೂಡಿದ್ದೇನೆ. ಹೋದ ವರ್ಷ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದಳು. ಗುಬ್ಬಿಯ ಆಸ್ಪತ್ರೆಯಲ್ಲಿ ನೋಡಿ ತುಮಕೂರಿಗೆ ಕಳಿಸಿದರು, ಇಲ್ಲಿ ಆಪರೇಷನ್ ಆಯಿತು. ಮಾರನೆಯ ಬೆಳಗಾದರೂ ಅವಳು ಕಣ್ಣು ಬಿಡಲಿಲ್ಲ. ನಾನು ಮನೆಯಿಂದ ಕಾಫಿ ಫ್ಲಾಸ್ಕು ಹಿಡಿದು ವಾರ್ಡಿನ ಬಾಗಿಲಿಗೆ ಬರುವಾಗ, ಒಳಗೆ ಅಪ್ಪ 'ಅವ್ವಾ, ಅವ್ವಾ' ಎಂದು ಕರೆಯುತ್ತಿದ್ದರು. ಅಜ್ಜಿ ಮಿಸುಕಲಿಲ್ಲ. ಹೆಸರು ಹಿಡಿದು ಕರೆದು ನೋಡಿ ಎಂದರು ಡಾಕ್ಟರು. ಅಪ್ಪ ತಲೆ ತಗ್ಗಿಸಿ ನಿಂತುಬಿಟ್ಟರು. ಹೆತ್ತ ತಾಯಿಯನ್ನು ಹೆಸರಿನಿಂದ ಕೂಗಲು ಅವರಿಗೂ ನಾಲಗೆ ಏಳಲಿಲ್ಲ.

ಅಮ್ಮ ಮಂಚದ ಹತ್ತಿರ ಹೋದಳು. ಅಜ್ಜಿಯ ಕೆನ್ನೆಯ ಮೇಲೆ ಕೈಯಿಟ್ಟು ಮೆಲ್ಲಗೆ ಆ ಹೆಸರನ್ನು ಅಂದಳು. ಆಮೇಲೆ, ಆಟಕ್ಕೆ ಹೋದ ಮಕ್ಕಳನ್ನು ಮುಸ್ಸಂಜೆ ಕೂಗುವ ಹಾಗೆ, ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು.

"ಆಂ," ಎಂದಳು ಅಜ್ಜಿ, ಕಣ್ಣು ಬಿಡುತ್ತ.

"ಬಂದೆ ಅಮ್ಮ," ಎಂದೆ ನಾನು ಬಾಗಿಲಲ್ಲಿ.

ಅಮ್ಮ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ನಿನ್ನಲ್ಲ ಮಗ, ಅತ್ತೇನ ಕರ್ದಿದ್ದು."

ಗೊತ್ತು ಅಂದೆ. ಗೊತ್ತಿದ್ದೂ ಓಡಿಹೋಗಿ ಅವಳ ಪಕ್ಕ ನಿಂತೆ.