ಲೆನ್ಸಿಗೆ ಕರಿಚೀಲ ಹೊಲಿಸಿದ ನಯಾಜ್ ಅಹಮದರು

ಭಾನುವಾರ ಬೆಳಿಗ್ಗೆ ಬೈಯಪ್ಪನಹಳ್ಳಿಯ ಮನೆಯಲ್ಲಿ ವಿಭಾ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಕಾರ್ಖಾನೆಯ ಅಭಿನಂದನ ಸಮಿತಿಯ ರಾಮಯ್ಯನವರು ಹೊಸಿಲಾಚೆಯೇ ನಿಂತು ಮಾತು ಶುರುಮಾಡಿದರು.

“ಪುಸ್ತಕ ನಾಳೆ ಪ್ರೆಸ್ಸಿಗೆ ಹೋಗುತ್ತೆ ಮೇಡಂ. ಎಲ್ಲಾರೂ ಬರ್ದುಕೊಟ್ಬಿಟ್ರು, ನಿಮ್ದೊಂದೇ ಬಾಕಿ.”

“ಈ ಅಕ್ಕಿ ಒಂದು ಆರಿಸ್ಬಿಟ್ಟು ಕೂತ್ಕೊಳ್ತೀನಿ ರಾಮಯ್ಯನವ್ರೆ.”

“ಸಾಹೇಬ್ರ ವಿಷ್ಯದಲ್ಲಿ ಕಲ್ಲು ಆರಿಸೋ ಕೆಲ್ಸ ಇಲ್ಲ ಬಿಡಿ. ಹಂಗೇ ಬೇಯಿಸಿ ಬಡಿಸ್ಬೋದು!”

ಕಲ್ಲು ಒಂದಿತ್ತು. ಆದರೆ ಅದು ಸಾಹೇಬರದಲ್ಲ, ವಿಭಾಳದು. ಈ ಲೇಖನವನ್ನು ಬರೆಯುತ್ತಿರುವವಳೂ ಆಕೆಯೇ. ಹಿರಿಯರೊಬ್ಬರ ಗೌರವಕ್ಕೆಂದು ಬರುವ ಪುಸ್ತಕದಲ್ಲಿ ‘ನಾನು, ನಾನು’ ಎನ್ನುವುದು ಚೆನ್ನಾಗಿರುವುದಿಲ್ಲವೆಂದು ತನ್ನನ್ನು ಹೆಸರು ಹಿಡಿದೇ ಕರೆದುಕೊಂಡಿದ್ದಾಳೆ.

ವಿಮಾನಪುರದ ಕಾರ್ಖಾನೆಯ ಛಾಯಾಚಿತ್ರ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದು ಈ ಮಾರ್ಚ್ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀ ನಯಾಜ್ ಅಹಮದರು ಸಭೆ ಸಮಾರಂಭಗಳ ಫೋಟೋ ತೆಗೆದು ಹೆಸರಾದವರಲ್ಲ. ನೆಲ ಮುಟ್ಟುವ ಗಳಿಗೆಯಲ್ಲಿ ವಿಮಾನದ ಚಕ್ರ ಹೇಗೆ ಉರುಳುತ್ತದೆ, ಅದರ ರಬ್ಬರು ಎಲ್ಲಿ ಸವೆಯುತ್ತದೆ ಎಂಬುದನ್ನು ಅರ್ಧ ಮೈಲಿ ದೂರದಿಂದ ಸೆರೆಹಿಡಿದು ಇಂಜಿನಿಯರುಗಳ ಮೇಜಿನ ಮೇಲಿಡುವುದು ಅವರ ಕೆಲಸವಾಗಿತ್ತು. ಈ ಕಸುಬಿನಲ್ಲಿ ಚಿತ್ರ ಚೆಂದವಿದ್ದರೆ ಸಾಲದು. ಕರಿ ಟಯರು ಕರಿಯಾಗಿ, ಅದರ ಮೇಲಿನ ಗೀರು ಗೀರಾಗಿ ಕಾಣಬೇಕು. ಕಪ್ಪು ಬಿಳಿಗಳ ಈ ಅಂತರವನ್ನು, ಅಂದರೆ ಕಾಂಟ್ರಾಸ್ಟನ್ನು, ಅವರಷ್ಟು ಬಲ್ಲವರು ನಮ್ಮ ನಡುವೆ ಇನ್ನೊಬ್ಬರಿಲ್ಲ.

೧೯೭೦ರಲ್ಲಿ ಫ್ರೇಜರ್ ಟೌನಿನಿಂದ ಸೈಕಲ್ ತುಳಿದುಕೊಂಡು ಬಂದು ಡಾರ್ಕ್‌ರೂಮ್ ಸಹಾಯಕರಾಗಿ ಸೇರಿದ ಅವರು ಮೆಟ್ಟಿಲು ಮೆಟ್ಟಿಲಾಗಿ ವಿಭಾಗದ ಮುಖ್ಯಸ್ಥರಾದರು. ೧೯೯೬ರಲ್ಲಿ ವಿಭಾ ತಾತ್ಕಾಲಿಕ ನೌಕರಳಾಗಿ ಅವರ ಕೈಕೆಳಗೆ ಬಂದಳು. ೨೦೦೦ದಲ್ಲಿ ಹೆರಿಗೆ ರಜೆ ಮುಗಿಸಿ ಮರಳಿದಾಗ, ಎದೆಹಾಲು ಕುಡಿಸುವ ತಾಯಿ ಆ ರಸಾಯನಗಳ ಘಾಟಿನಲ್ಲಿ ನಿಲ್ಲಬಾರದೆಂದು ಹತ್ತು ತಿಂಗಳ ಕಾಲ ಅವಳ ಪಾಲಿನ ಡಾರ್ಕ್‌ರೂಮ್ ಕೆಲಸವನ್ನೂ ತಾವೇ ಮಾಡಿದರು. ಯಾರಾದರೂ ಕೇಳಿದರೆ, “ನಂಗೆ ಬೆಳಕಲ್ಲಿ ಕೂತ್ರೆ ತಲೆನೋವು ಬರುತ್ತೆ” ಎನ್ನುತ್ತಿದ್ದರು.

ವಿಭಾಗದಲ್ಲಿ ದೂರದ್ದನ್ನು ಹತ್ತಿರಕ್ಕೆ ತರುವ ಐನೂರು ಎಂ.ಎಂ. ಟೆಲಿ ಲೆನ್ಸ್ ಒಂದಿತ್ತು. ಮೊಳದುದ್ದದ, ಕಬ್ಬಿಣದ ಹಾಗೆ ಭಾರದ, ನಯಾಜ್ ಅವರಿಗಿಂತ ಮೊದಲೇ ಕೆಲಸಕ್ಕೆ ಸೇರಿದ್ದ ಲೆನ್ಸ್. ಆಯುಧಪೂಜೆಯ ದಿನ ಉಳಿದೆಲ್ಲ ಸಲಕರಣೆಗಳ ನಡುವೆ ಅದಕ್ಕೇ ಅಗ್ರಸ್ಥಾನ. ಕೆಲಸಕ್ಕೆ ಸೇರಿದ ವರ್ಷದಿಂದಲೂ ಪೂಜೆಯ ಹೊಣೆ ವಿಭಾಳದು. ದೇವರ ಮುಂದೆ ಮುಖ ಮುಚ್ಚಿಡಬಾರದೆಂದು ಅವಳು ಲೆನ್ಸಿನ ಎರಡೂ ಮುಚ್ಚಳಗಳನ್ನು ತೆಗೆಯುತ್ತಿದ್ದಳು. ನೋಡಲು ಗಂಭೀರವಾಗಿರಲೆಂದು ಅದರ ಕೊಳವೆಯನ್ನು ತಿರುಗಿಸಿ ಪೂರ್ತಿ ಹೊರಕ್ಕೆಳೆದು ನಿಲ್ಲಿಸುತ್ತಿದ್ದಳು. ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹೊಗೆ ಎಬ್ಬಿಸುತ್ತಿದ್ದಳು. ನಯಾಜ್ ಅವರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದು, ಕೊನೆಗೆ ಪುರಿ, ಕೊಬ್ಬರಿ ಪ್ರಸಾದ ತೆಗೆದುಕೊಂಡು ಹೋಗುತ್ತಿದ್ದರು. ಎಂಟು ವರ್ಷ ಹೀಗೇ ನಡೆಯಿತು.

೨೦೦೪ರಲ್ಲಿ ಡಿಜಿಟಲ್ ಕ್ಯಾಮೆರಾ ಬಂತು. ಹಳೆಯ ಟೆಲಿ ಲೆನ್ಸನ್ನು ಒಂದು ಉಂಗುರದ ಸಹಾಯದಿಂದ ಅದಕ್ಕೆ ಜೋಡಿಸಿದರು. ತೆಗೆದ ಚಿತ್ರ ಮಜ್ಜಿಗೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಟಯರು ಬೂದಿ, ರನ್‌ವೇ ಬೂದಿ, ಆಕಾಶವೂ ಬೂದಿ.

“ನಮ್ಮ ತಾತನ ಕಾಲದ್ದು ಸರ್ ಇದು,” ಎಂದರು ಹೊಸದಾಗಿ ಬಂದಿದ್ದ ಅಧಿಕಾರಿ ಭಾರ್ಗವ್. “ಕಂಡೆಮ್ ಮಾಡ್ಬಿಡೋಣ. ಸೋಮವಾರ ರಿಪೋರ್ಟ್ ಕೊಡಿ.”

“ತಾತಂಗೆ ಕಣ್ಣಿನ ಪೊರೆ ಬಂದ್ರೆ ಮನೆಯಿಂದ ಆಚೆ ಹಾಕ್ತೀರಾ ಸಾರ್? ಸೋಮವಾರದವರೆಗೂ ನನ್ ಕೈಗೆ ಬಿಡಿ.”

ರಿಪೋರ್ಟಿನ ನಮೂನೆಯಲ್ಲಿ ‘ಹಾಳಾಗಲು ಕಾರಣ’ ಎಂಬ ಕಲಂ ಇತ್ತು. ವಿಭಾಳ ಕೆಲಸ ಖಾಯಂ ಮಾಡುವ ಕಡತ ಅದೇ ವಾರ ಅದೇ ಭಾರ್ಗವ್ ಅವರ ಮೇಜಿನ ಮೇಲಿತ್ತು.

ನಯಾಜ್ ಅವರು ಕೋಣೆ ಕತ್ತಲು ಮಾಡಿ ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿದರು. ಆಮೇಲೆ ವಿಭಾಳಿಗೂ ತೋರಿಸಿದರು. ಒಳಗಿನ ಗಾಜಿನ ಮೇಲೆ ಚಳಿಗಾಲದ ಬೆಳಗ್ಗೆ ಹಲಸೂರು ಕೆರೆಯ ಮೇಲೆ ಕವಿದಿರುವಂಥ ತೆಳು ಮಬ್ಬು. ಫಿಲ್ಮಿನ ಕಾಲದಲ್ಲಿ ಪ್ರಿಂಟ್ ಹಾಕುವಾಗ ಕಪ್ಪು ಬಿಳಿಯನ್ನು ಎತ್ತಿ ತೋರಿಸುವ ‘ಗಡುಸು’ ಕಾಗದ ಬಳಸಿ ಅವರು ಆ ಕೊರತೆಯನ್ನು ತುಂಬಿಬಿಡುತ್ತಿದ್ದರು. ಈಗ ಕಾಗದವೇ ಇರಲಿಲ್ಲ. ಅವರು ಲೆನ್ಸಿನ ಹಿಂಬದಿಯ ಗಾಜನ್ನು ಹಿಡಿದಿದ್ದ ಉಂಗುರವನ್ನು ಮೆಲ್ಲನೆ ತಿರುಗಿಸಿ ಬಿಚ್ಚಿದರು. ಒಳಗಿಂದ ಘಮ್ಮೆಂದು ಸಾಂಬ್ರಾಣಿಯ ವಾಸನೆ ಬಂತು.

ಕೊಳವೆಯನ್ನು ಹೊರಕ್ಕೆಳೆದಾಗಲೆಲ್ಲ ಲೆನ್ಸು ಉಸಿರೆಳೆದುಕೊಳ್ಳುತ್ತದೆ ಎಂದು ವಿಭಾಳಿಗೆ ಹೇಳಿಕೊಟ್ಟವರೇ ಅವರು. ಎಂಟು ವರ್ಷ ಅವಳು ಅದಕ್ಕೆ ಹೊಗೆ ಕುಡಿಸಿದ್ದಳು. ‘ಸರ್, ಇದು ನನ್ನಿಂದ’ ಎಂದು ಹೇಳಲು ಹೊರಟಳು. ನಾಲ್ಕು ವರ್ಷದ ಮಗಳ ಮುಖ ಕಣ್ಣೆದುರಿಗೆ ಬಂದು ಮಾತು ಅಲ್ಲೇ ನಿಂತಿತು.

ನಯಾಜ್ ಅವರು ಉಂಗುರವನ್ನು ಬಟ್ಟೆಯ ಮೇಲಿಟ್ಟರು. “ಚಾ ಕುಡಿಯೋಣಮ್ಮಾ, ಆಮೇಲೆ ನೋಡೋಣ,” ಎಂದರು.

ಆ ದಿನ ಗಾಜುಗಳನ್ನು ಒಂದೊಂದಾಗಿ ತೆಗೆದು, ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಿ ಮತ್ತೆ ಕೂರಿಸಿದರು. ಚಿತ್ರ ಅರ್ಧ ಸುಧಾರಿಸಿತು. ಉಳಿದರ್ಧದ ಗುಟ್ಟನ್ನೂ ಅವರೇ ಬಿಡಿಸಿದರು. ಫಿಲ್ಮು ಮಂಕು, ಬೆಳಕನ್ನು ನುಂಗಿಕೊಳ್ಳುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್ ಕನ್ನಡಿಯ ತಂಗಿ, ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ವಾಪಸು ಎಸೆಯುತ್ತದೆ. ಆ ಬೆಳಕು ಲೆನ್ಸನ್ನು ಕ್ಯಾಮೆರಾಗೆ ಜೋಡಿಸಿದ ಉಂಗುರದ ನುಣುಪಾದ ಒಳಗೋಡೆಗೆ ತಾಗಿ ಚಿತ್ರದ ಮೇಲೆಲ್ಲ ಚೆಲ್ಲುತ್ತದೆ. ವಿಭಾ ತಪ್ಪನ್ನು ತೊಳೆದುಕೊಳ್ಳುವ ಆತುರದಲ್ಲಿ ಉಂಗುರದೊಳಗೆ ಕಪ್ಪು ಪೇಂಟ್ ಬಳಿದಳು. ಪೇಂಟ್ ಒಣಗಿ ಮಿರಿಮಿರಿ ಮಿಂಚಿತು. ಚಿತ್ರ ಮೊದಲಿಗಿಂತ ಕೆಟ್ಟಿತು.

“ಕಪ್ಪಾದ್ರೆ ಸಾಲ್ದಮ್ಮಾ. ಹೊಳೀಬಾರ್ದು,” ಎಂದ ನಯಾಜ್ ಅವರು ಶನಿವಾರ ಅವಳನ್ನು ಶಿವಾಜಿನಗರಕ್ಕೆ ಕರೆದೊಯ್ದರು. ಮಗು ಆಶ್ರಿತಾ ಅವಳ ಸೊಂಟದ ಮೇಲಿತ್ತು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಬುರ್ಖಾ ಹೊಲಿಯುವ ಶಫಿ ಅವರ ಬಾಲ್ಯದ ಗೆಳೆಯ. ಅವನು ಥಾನು ಥಾನು ಕರಿಬಟ್ಟೆ ಇಳಿಸಿದ. ನಯಾಜ್ ಅವರು ಒಂದೊಂದನ್ನೂ ಬಿಸಿಲಿಗೆ ಹಿಡಿದು ಬೇಡವೆಂದರು.

“ಹೊಳೀದೇ ಇರೋದು ಯಾರು ಕೇಳ್ತಾರೆ ಮಿಯಾ ಈಗ? ಭಾಭಿ ಏನ್ ಹೇಳಿದ್ರು?”

“ನಿನ್ ಭಾಭಿಗಲ್ಲಪ್ಪ, ಲೆನ್ಸಿಗೆ.”

ಶಫಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದ. “ಯಾ ಅಲ್ಲಾ! ಲೆನ್ಸಿಗೂ ಪರ್ದಾನಾ?”

“ಊರೆಲ್ಲಾ ನೋಡುತ್ತಲ್ಲ ಅದು, ಸ್ವಲ್ಪ ಮರ್ಯಾದೆ ಇರ್ಲಿ. ನಡೀ, ಆ ಮೂಲೇಲಿರೋ ಹಳೇ ತುಂಡು ತೆಗಿ.”

ಮೂಲೆಯಲ್ಲಿದ್ದದ್ದು ಯಾರೂ ಕೊಳ್ಳದೆ ಉಳಿದಿದ್ದ ಕರಿ ಮಖಮಲ್ಲಿನ ತುಂಡು. ಇದ್ದಿಲಿನಂಥ ಕಪ್ಪು, ಬಿಸಿಲು ಬಿದ್ದರೂ ಮಿಂಚಲಿಲ್ಲ. ಅದನ್ನು ಉಂಗುರದೊಳಗೆ ಅಂಟಿಸಿದರು. ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದಿದ್ದ ಗಿಡ್ಡ ಮರೆಗೆ ರಟ್ಟಿನ ಗೇಣುದ್ದದ ಕೊಳವೆ ಸೇರಿಸಿ ಅದರೊಳಗೂ ಅದೇ ಬಟ್ಟೆ ಹೊದಿಸಿದರು. ಅದೂ ಬೆಳಕನ್ನು ವಾಪಸು ಎಸೆಯುತ್ತದೆಂದು ಮುಂದಿದ್ದ ಹಳೆಯ ಫಿಲ್ಟರ್ ಗಾಜನ್ನು ಕಳಚಿಟ್ಟರು.

ಸೋಮವಾರ ಬೆಳಿಗ್ಗೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಇಳಿಯುವ ವಿಮಾನದ ಚಿತ್ರ ತೆಗೆದರು. ಕಂಪ್ಯೂಟರಿನಲ್ಲಿ ವಿಭಾ ಕಪ್ಪನ್ನು ಕೂದಲೆಳೆಯಷ್ಟು ಗಾಢ ಮಾಡಿದಳು, ಅಷ್ಟೇ. “ಮೊದ್ಲು ಗಾಜು, ಆಮೇಲೆ ಬಟ್ಟೆ, ಕೊನೇಗೆ ಕಂಪ್ಯೂಟರು” ಎಂಬುದು ಇಂದಿಗೂ ನಮ್ಮ ವಿಭಾಗದ ಪಾಠ. ಟಯರಿನ ಮೇಲಿನ ಗೀರುಗಳನ್ನು ಭಾರ್ಗವ್ ಬೆರಳಿಟ್ಟು ಎಣಿಸಿದರು. “ಇದು ಅದೇ ಲೆನ್ಸಾ ಸರ್?” ಎಂದು ಎರಡು ಸಲ ಕೇಳಿ, ಕಂಡೆಮ್ ಪಟ್ಟಿಯಿಂದ ಅದರ ಹೆಸರನ್ನು ತಾವೇ ಹೊಡೆದುಹಾಕಿದರು. ಆದರೂ ರಿಪೋರ್ಟ್ ಕೊಡಲೇಬೇಕಿತ್ತು. ನಯಾಜ್ ಅವರು ‘ಕಾರಣ’ ಎಂಬ ಕಲಮಿನಲ್ಲಿ ‘ವಯಸ್ಸು’ ಎಂದು ಬರೆದು ಸಹಿ ಮಾಡಿದರು. ಮುಂದಿನ ತಿಂಗಳು ವಿಭಾಳ ಕೆಲಸ ಖಾಯಂ ಆಯಿತು.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಅವರು ಒಂದು ಚೀಲ ತಂದರು. ಶಫಿಯೇ ಹೊಲಿದದ್ದು, ಅದೇ ಕರಿ ಮಖಮಲ್ಲು, ಒಳಗೆ ಮೇಣದ ಬಟ್ಟೆ, ಬಾಯಿಗೆ ಲಾಡಿ. ಲೆನ್ಸಿನ ಎರಡೂ ಮುಚ್ಚಳ ಹಾಕಿ, ಚೀಲದೊಳಗಿಟ್ಟು, ಲಾಡಿ ಬಿಗಿದು, ಮೇಜಿನ ನಡುವೆ ಕೂರಿಸಿದರು. “ಚೀಲದ ಮೇಲೆ ಕುಂಕುಮ ಚೆನ್ನಾಗಿ ಕಾಣುತ್ತೆ. ಸಾಂಬ್ರಾಣಿ ಜಾಸ್ತಿ ಹಾಕಮ್ಮಾ, ಹೋದ್ಸಲ ಕಮ್ಮಿ ಆಗಿತ್ತು” ಎಂದು ಎಂದಿನಂತೆ ಬಾಗಿಲ ಬಳಿ ಕೈಕಟ್ಟಿ ನಿಂತರು.

ಅವರಿಗೆ ಗೊತ್ತಿತ್ತೋ ಇಲ್ಲವೋ? ಈ ನಾಲ್ಕು ವರ್ಷದಲ್ಲಿ ವಿಭಾ ಕೇಳಲಿಲ್ಲ, ಅವರು ಹೇಳಲಿಲ್ಲ. ಅಕ್ಕಿ ಬೇಯುವಷ್ಟರಲ್ಲಿ ಒಂದು ಪುಟ, ಬಟ್ಟೆ ಹರವಿ ಬಂದು ಇನ್ನೊಂದು ಪುಟ, ಹೀಗೆ ಇಷ್ಟನ್ನೂ ಬರೆದು ಮಗಳಿಗೆ ಓದಿ ಹೇಳಿದಾಗ ಎಂಟು ವರ್ಷದ ಆಶ್ರಿತಾ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ತಾಯಿಯನ್ನೇ ನೋಡಿದಳು.

ಲೇಖನದ ಜೊತೆಗೆ ನಯಾಜ್ ಅವರ ಹಳೆಯ ಫೋಟೋ ಒಂದು ಬೇಕಾಗಿತ್ತೆಂದು ಮಧ್ಯಾಹ್ನ ತಾಯಿ ಮಗಳು ಫ್ರೇಜರ್ ಟೌನಿನ ಮನೆಗೆ ಹೋದರು. ಮನೆಯವರಾದ ಗುಲ್ಷನ್ ಅವರು ಚಹಾ, ಖಾರದ ಬಿಸ್ಕತ್ತು ತಂದಿಟ್ಟರು. ಕಿಟಕಿಯ ಬಳಿ ಓಣಿಯವರು ತಂದುಕೊಟ್ಟ ಹಳೆಯ ಲೆನ್ಸುಗಳು ಸಾಲಾಗಿ ಕಾದಿದ್ದವು. ನಿವೃತ್ತಿಗೆ ಮೊದಲೇ ಮುಂದಿನ ಕೆಲಸ ಮನೆಬಾಗಿಲಿಗೆ ಬಂದಿತ್ತು. ಆ ಕೈಗಳಿಗೆ ನಡುಕ ಬಾರದಿರಲಿ. ಆ ಕಣ್ಣು ನೂರು ವರ್ಷ ಕಪ್ಪನ್ನು ಕಪ್ಪೆಂದೇ ಗುರುತಿಸಲಿ. ಮಬ್ಬು ಕವಿದ ಗಾಜುಗಳು ಆ ಕಿಟಕಿಯನ್ನು ಹುಡುಕಿಕೊಂಡು ಬರುತ್ತಲೇ ಇರಲಿ ಎಂದು ಅಲ್ಲಿ ಕುಳಿತೇ ಬರೆದುಕೊಂಡು ವಿಭಾ ಪೆನ್ನಿನ ಮುಚ್ಚಳ ಹಾಕಿದಳು.

ಆಶ್ರಿತಾ ಅಷ್ಟರಲ್ಲಿ ನಯಾಜ್ ಅವರ ಮೊಣಕಾಲಿಗೆ ಒರಗಿ ನಿಂತು, ಅವರು ಒರೆಸುತ್ತಿದ್ದ ಗಾಜಿನೊಳಗೆ ಇಣುಕುತ್ತಿದ್ದಳು. ತಾಯಿ ಕಣ್ಸನ್ನೆ ಮಾಡುವಷ್ಟರಲ್ಲಿ ಮಗು ತಲೆಯೆತ್ತಿತು.

“ಸಾಬ್ ತಾತ, ಆ ದೊಡ್ಡ ಲೆನ್ಸ್ ಒಳಗೆ ಹೊಗೆ ಹಾಕಿದ್ದು ನಮ್ಮಮ್ಮ ಅಂತ ನಿಮಗೆ ಅವತ್ತೇ ಗೊತ್ತಿತ್ತಾ?”